ಸೀನಿಯರ್ ದಂಪತಿಯಾಗಿ ಮಿಷನ್‌ಗೆ ಹೊರಡುವವರಿಗೆ: ಅರ್ಜಿಯಿಂದ ಮನೆಗೆ ಮರಳುವವರೆಗೆ

ಮಾರ್ಮನ್ ಮಿಷನರಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ನೇಮ್‌ಟ್ಯಾಗ್ ಹಾಕಿಕೊಂಡು ಜೋಡಿಯಾಗಿ ಓಡಾಡುವ 19-20 ವರ್ಷದ ಹುಡುಗರು. ಅದೇ ಕಪ್ಪು ಟ್ಯಾಗ್ ಹಾಕಿಕೊಂಡ ಅಜ್ಜ-ಅಜ್ಜಿಯರೂ ಇದ್ದಾರೆ. ಕೆಲಸದಿಂದ ನಿವೃತ್ತರಾದ ಮೇಲೆ ಮನೆಗೆ ಬೀಗ ಹಾಕಿ, ಮೊಮ್ಮಕ್ಕಳಿಗೆ ಟಾಟಾ ಹೇಳಿ, ಸ್ವಂತ ಖರ್ಚಿನಲ್ಲಿ ಒಂದು, ಒಂದೂವರೆ ವರ್ಷ ಬೇರೆ ಊರಿನಲ್ಲಿ ಸೇವೆ ಮಾಡಿ ಬರುತ್ತಾರೆ. ಇವರನ್ನು ಸೀನಿಯರ್ ಕಪಲ್ ಎನ್ನುತ್ತಾರೆ, ಈ ಸೇವೆಯ ಅವಧಿಯನ್ನು ಮಿಷನ್ ಎನ್ನುತ್ತಾರೆ. ಇವರನ್ನು ಕಳಿಸುವ ಚರ್ಚ್ ಜನರ ಬಾಯಲ್ಲಿ ಮಾರ್ಮನ್ ಚರ್ಚ್. ಆದರೆ 2018ರಿಂದ ಚರ್ಚ್ ತನ್ನ ಪೂರ್ಣ ಹೆಸರನ್ನೇ ಬಳಸಿ ಎಂದು ಕೇಳಿಕೊಂಡಿದೆ: ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಶುರುವಾದದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಈಗಿನ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ.

ಈ ಬರಹ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವ ದಂಪತಿಗೆ. ಅಪ್ಪ-ಅಮ್ಮನನ್ನು ಕಳಿಸಿಕೊಡುವ ಮಕ್ಕಳಿಗೂ ಉಪಯೋಗವಾದೀತು. ಹೋಗಿಬಂದವರ ಜೊತೆ ಮಾತಾಡುತ್ತಾ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಗಂಡ, ಹೆಂಡತಿ ಇಬ್ಬರಿಗೂ ಕೈತುಂಬ ಕೆಲಸ ಇದ್ದು, ದಿನಚರಿ ವಯಸ್ಸಿಗೆ ತಕ್ಕಂತಿದ್ದರೆ ಮಿಷನ್ ಚೆನ್ನಾಗಿ ನಡೆಯುತ್ತದೆ. ಒಬ್ಬರಿಗೆ ಮಾತ್ರ ಕೆಲಸ, ಇನ್ನೊಬ್ಬರು ಸುಮ್ನೆ ಜೊತೆಗಿರೋದು ಅಂತಾದರೆ ಕೆಲವೇ ತಿಂಗಳಲ್ಲಿ ಕಷ್ಟ ಶುರುವಾಗುತ್ತದೆ. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಇದನ್ನು ನೆನಪಿಟ್ಟುಕೊಳ್ಳಿ.

ಹೆಜ್ಜೆ 1: ನಿಯಮ ಏನು, ಎಷ್ಟು ಸಡಿಲ ಎಂದು ತಿಳಿಯಿರಿ

ಮನೆಯಲ್ಲಿ 18 ವರ್ಷದೊಳಗಿನ, ನಿಮ್ಮನ್ನೇ ನಂಬಿದ ಮಕ್ಕಳು ಇರಬಾರದು. ಇಬ್ಬರ ಆರೋಗ್ಯವೂ ನೀವು ಆರಿಸುವ ಕೆಲಸಕ್ಕೆ ಸಾಕಾಗುವಷ್ಟು ಇರಬೇಕು. ಅವಧಿ 6, 12, 18 ಅಥವಾ 23 ತಿಂಗಳು. ಹುಡುಗರಿಗೆ ಇರುವ 24 ತಿಂಗಳ ಕಟ್ಟುಪಾಡು ಸೀನಿಯರ್‌ಗಳಿಗೆ ಇಲ್ಲ.

ಬೆಳಿಗ್ಗೆ ಇಷ್ಟು ಗಂಟೆಗೆ ಏಳಬೇಕು, ಇಷ್ಟು ಹೊತ್ತು ಓದಬೇಕು ಎಂಬ ಯುವಕರ ವೇಳಾಪಟ್ಟಿಯೂ ನಿಮಗೆ ಅನ್ವಯಿಸುವುದಿಲ್ಲ. ಮನೆಮನೆ ಬಾಗಿಲು ತಟ್ಟುವ ಕೆಲಸ ನಿಮ್ಮದಲ್ಲ. ಇದೊಂದು ಭಯದಿಂದಲೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹೊಸ ಭಾಷೆ ಕಲಿಯಲೇಬೇಕು ಎಂಬ ಒತ್ತಾಯವೂ ಇಲ್ಲ. ಮಕ್ಕಳ ಜೊತೆ ಬೇಕೆಂದಾಗ ಮಾತಾಡಬಹುದು. ಮನೆಯಲ್ಲಿ ತೀರಾ ಮುಖ್ಯವಾದ ಸಂದರ್ಭ ಬಂದರೆ, ಮಿಷನ್ ಪ್ರೆಸಿಡೆಂಟ್, ಅಂದರೆ ಆ ಪ್ರದೇಶದ ಮಿಷನರಿಗಳ ಮುಖ್ಯಸ್ಥರ, ಒಪ್ಪಿಗೆ ಪಡೆದು ಸ್ವಂತ ಖರ್ಚಿನಲ್ಲಿ ಕೆಲವು ದಿನ ಹೋಗಿಬರಬಹುದು.

ಚರ್ಚ್‌ನ ಹಿರಿಯ ನಾಯಕ ರಾಬರ್ಟ್ ಡಿ. ಹೇಲ್ಸ್ 2005ರ ಏಪ್ರಿಲ್ ಮಹಾಸಭೆಯ ಭಾಷಣದಲ್ಲಿ ದಂಪತಿಗಳನ್ನು ತಡೆಯುವ ನಾಲ್ಕು ವಿಷಯಗಳನ್ನು ಹೇಳಿದ್ದರು: ಭಯ, ಕುಟುಂಬದ ಚಿಂತೆ, ತಕ್ಕ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಅನುಮಾನ, ಮತ್ತು ದುಡ್ಡು. ಇಂದಿಗೂ ಹೆಚ್ಚುಕಮ್ಮಿ ಇವೇ. ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು, ಗಂಡ-ಹೆಂಡತಿ ಬೇರೆ ಬೇರೆಯಾಗಿ ತಮ್ಮ ಉತ್ತರ ಬರೆಯಿರಿ. ಆಮೇಲೆ ಅದಲು ಬದಲು ಮಾಡಿ ಓದಿ. 40 ವರ್ಷ ಸಂಸಾರ ಮಾಡಿದವರಿಗೂ ಇಲ್ಲಿ ಗೊತ್ತಿರದ ಮಾತು ಸಿಗುತ್ತದೆ.

ಹೆಜ್ಜೆ 2: ಕೆಲಸ ಆರಿಸಿ, ಆಮೇಲೆ ಊರು

ಹೆಚ್ಚಿನವರು ಮೊದಲು ದೇಶ ಯೋಚಿಸುತ್ತಾರೆ. ಹವಾಯಿ, ಇಟಲಿ, ನ್ಯೂಜಿಲೆಂಡ್. ನನ್ನ ಮಾತು ಕೇಳಿ, ಮೊದಲು ಕೆಲಸ ನೋಡಿ. ಊರು ಚೆಂದ ಎನ್ನುವುದು ಒಂದೆರಡು ತಿಂಗಳು ಸಾಕು. ಉಳಿದ ಕಾಲವೆಲ್ಲ ನೀವು ಕಳೆಯುವುದು ಆ ಕೆಲಸದ ಜೊತೆ. ಸೀನಿಯರ್‌ಗಳಿಗೆ ಇರುವ ಅವಕಾಶಗಳ ಪಟ್ಟಿಯನ್ನು ಚರ್ಚ್ ಪ್ರಕಟಿಸುತ್ತದೆ. ಅದರಲ್ಲಿ ಮುಖ್ಯವಾದವು ಹೀಗಿವೆ.

ಮಿಷನ್ ಆಫೀಸ್: ಮಿಷನರಿಗಳು ಕೆಲಸ ಮಾಡುವ ಪ್ರದೇಶವನ್ನೂ ಮಿಷನ್ ಎನ್ನುತ್ತಾರೆ. 2024ರ ಜುಲೈಗೆ ಜಗತ್ತಿನಲ್ಲಿ ಇಂಥ 450 ಮಿಷನ್‌ಗಳಾದವು. ಅವುಗಳ ಆಫೀಸ್‌ಗಳಲ್ಲಿ ಸೀನಿಯರ್‌ಗಳು ಸದಾ ಬೇಕು. ಲೆಕ್ಕಪತ್ರ, ಬಾಡಿಗೆ ಮನೆಗಳು, ಕಾರುಗಳು, ವೀಸಾ ಕಾಗದ, ಬರುವ ಅಂಚೆ. ನಿಮ್ಮಲ್ಲೊಬ್ಬರು ಬ್ಯಾಂಕಿನಲ್ಲೋ ಶಾಲೆಯ ಕಚೇರಿಯಲ್ಲೋ ಇದ್ದವರಾದರೆ ಇದು ಹೇಳಿ ಮಾಡಿಸಿದ ಕೆಲಸ.

ಸದಸ್ಯರಿಗೆ ಬೆಂಬಲ: ಚಿಕ್ಕ ಊರಿನ ಚಿಕ್ಕ ಸಭೆ, ಅಂದರೆ ಬ್ರಾಂಚ್, ಅದರ ಜೊತೆಗಿರುವುದು. ಕಾಯಿಲೆಯವರನ್ನು ನೋಡಿಕೊಂಡು ಬರುವುದು, ಹೊಸ ನಾಯಕರಿಗೆ ಸಭೆ ನಡೆಸಲು ಹೇಳಿಕೊಡುವುದು, ಪಿಯಾನೋ ಬಾರಿಸುವುದು. ಇಲ್ಲಿ ನಿಗದಿತ ಕೆಲಸದ ಪಟ್ಟಿ ಇರುವುದಿಲ್ಲ, ದಿನವನ್ನು ನೀವೇ ಕಟ್ಟಿಕೊಳ್ಳಬೇಕು. ಜನರ ಜೊತೆ ಬೆರೆಯುವವರಿಗೆ ಇದು ತುಂಬ ತೃಪ್ತಿ ಕೊಡುತ್ತದೆ. ಯಾರಾದರೂ ಹೇಳಿದರೆ ಮಾತ್ರ ಮಾಡುತ್ತೇನೆ ಎನ್ನುವ ಸ್ವಭಾವದವರಿಗೆ ಕಷ್ಟ.

ದಾಖಲೆ ಉಳಿಸುವುದು: ಫ್ಯಾಮಿಲಿಸರ್ಚ್ ಎಂಬ ಚರ್ಚ್‌ನ ವಂಶಾವಳಿ ಸಂಸ್ಥೆಗಾಗಿ ದಾಖಲೆ ಸಂಗ್ರಹಾಲಯಗಳಲ್ಲಿ ಕೂತು ಹಳೆಯ ಮದುವೆ, ಜನನ, ಆಸ್ತಿ ಕಡತಗಳ ಪುಟಪುಟವನ್ನೂ ಕ್ಯಾಮೆರಾದಲ್ಲಿ ಸೆರೆಹಿಡಿಯುವ ಕೆಲಸ. ಒಬ್ಬರು ಪುಟ ತಿರುವಿದರೆ ಇನ್ನೊಬ್ಬರು ಫೋಟೋ. ಮಾತು ಕಡಿಮೆ, ನಿಶ್ಶಬ್ದ ಜಾಸ್ತಿ. ಸಾಲ್ಟ್ ಲೇಕ್ ಹತ್ತಿರದ ಕಣಿವೆಯೊಂದರಲ್ಲಿ ಬಂಡೆ ಕೊರೆದು ಮಾಡಿದ ಚರ್ಚ್‌ನ ಭಂಡಾರದಲ್ಲಿ ಇಂಥ ದಾಖಲೆಗಳ ಮೈಕ್ರೋಫಿಲ್ಮ್ ಸುರುಳಿಗಳನ್ನು 1960ರ ದಶಕದಿಂದ ಕಾಪಾಡಿಕೊಂಡು ಬಂದಿದ್ದಾರೆ.

ಐತಿಹಾಸಿಕ ಸ್ಥಳಗಳು: ಇಲಿನಾಯ್ ರಾಜ್ಯದ ನಾವೂ ಊರು ಇದರಲ್ಲಿ ಹೆಸರುವಾಸಿ. 1846ರಲ್ಲಿ ಮಾರ್ಮನ್ನರು ಚಳಿಗಾಲದಲ್ಲೇ ಮಿಸಿಸಿಪ್ಪಿ ನದಿ ದಾಟಿ ಪಶ್ಚಿಮಕ್ಕೆ ಹೊರಟದ್ದು ಈ ಊರಿನಿಂದ. ಇಲ್ಲಿ ಸೀನಿಯರ್‌ಗಳು 1840ರ ಕಾಲದ ಉಡುಪು ತೊಟ್ಟು ಕಮ್ಮಾರಶಾಲೆ, ಇಟ್ಟಿಗೆ ಗೂಡು, ಬೇಕರಿ ತೋರಿಸುತ್ತಾರೆ. ದಿನವಿಡೀ ನಿಂತೇ ಇರಬೇಕು. ಮೊಣಕಾಲು ನೋವಿದ್ದವರು ಎರಡು ಸಲ ಯೋಚಿಸಿ.

ಇದಲ್ಲದೆ ಟೆಂಪಲ್‌ಗಳಲ್ಲಿ (ವಾರದ ಸಭೆಯ ಚರ್ಚ್ ಅಲ್ಲ, ವಿಶೇಷ ಧಾರ್ಮಿಕ ವಿಧಿಗಳ ಪವಿತ್ರ ಕಟ್ಟಡ) ಪಾಳಿಯ ಸೇವೆ, ನೀರು-ಗಾಲಿಕುರ್ಚಿ-ಕಣ್ಣಿನ ಚಿಕಿತ್ಸೆಯಂಥ ಮಾನವೀಯ ನೆರವು, ಯುವಜನರ ತರಗತಿಗಳು, ವೈದ್ಯರಾಗಿದ್ದವರಿಗೆ ಮಿಷನರಿಗಳ ಆರೋಗ್ಯ ಸಲಹೆ ಎಲ್ಲ ಇವೆ. ಮನೆ ಬಿಡಲು ಸಾಧ್ಯವೇ ಇಲ್ಲದವರು ಮನೆಯಲ್ಲಿದ್ದುಕೊಂಡೇ ವಾರಕ್ಕೆ ಕೆಲವು ಗಂಟೆ ಸೇವಾ ಮಿಷನ್ ಮಾಡಬಹುದು. ಅದನ್ನು ಕಡಿಮೆ ದರ್ಜೆ ಎಂದುಕೊಳ್ಳಬೇಡಿ.

ಪಟ್ಟಿ ನೋಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಅವಳ ಕೆಲಸ ಏನು, ಅವನ ಕೆಲಸ ಏನು? ಒಬ್ಬರ ಹೆಸರಿನ ಮುಂದೆ ಏನೂ ಬರೆಯಲು ಆಗದಿದ್ದರೆ ಬೇರೆ ಕೆಲಸ ಹುಡುಕಿ.

ಹೆಜ್ಜೆ 3: ದುಡ್ಡಿನ ಲೆಕ್ಕ

ಸಂಬಳ ಇಲ್ಲ. ಬಾಡಿಗೆ, ಊಟ, ಪೆಟ್ರೋಲು, ವಿಮೆ ಎಲ್ಲ ನಿಮ್ಮದೇ. ಯುವ ಮಿಷನರಿಗಳಿಗೆ ತಿಂಗಳಿಗೆ ಇಷ್ಟೇ ಎಂಬ ಸಮಾನ ಮೊತ್ತವಿದೆ. ಅಮೆರಿಕದಲ್ಲಿ 2020ರ ಜುಲೈಯಲ್ಲಿ ಅದು 400 ಡಾಲರ್ ಆಯಿತು. ಸೀನಿಯರ್‌ಗಳಿಗೆ ಹಾಗಿಲ್ಲ, ಊರಿಂದೂರಿಗೆ ಖರ್ಚು ಬದಲಾಗುತ್ತದೆ. ಆದರೆ 2011ರಲ್ಲಿ ಚರ್ಚ್ ದೊಡ್ಡದೊಂದು ಸಹಾಯ ಮಾಡಿತು. ದಂಪತಿ ವಸತಿಗೆ ಕೊಡಬೇಕಾದ ಮೊತ್ತಕ್ಕೆ ತಿಂಗಳಿಗೆ 1,400 ಡಾಲರ್ ಮಿತಿ ಹಾಕಿ, ಅದಕ್ಕಿಂತ ಹೆಚ್ಚಾದದ್ದನ್ನು ತಾನೇ ಭರಿಸುವುದಾಗಿ ಹೇಳಿತು. ದುಬಾರಿ ನಗರಗಳು ಸಾಧಾರಣ ಪಿಂಚಣಿಯವರಿಗೂ ಎಟುಕಿದ್ದು ಇದರಿಂದ. ಈಗಿನ ಮಿತಿ ಎಷ್ಟು, ವಿಮಾನ ಟಿಕೆಟ್ ಯಾರದ್ದು ಎಂದು ಅರ್ಜಿಗೆ ಮುಂಚೆಯೇ ಕೇಳಿ.

ಎರಡು ಕಾಲಂ ಹಾಕಿ. ಒಂದರಲ್ಲಿ ಮಿಷನ್ ಖರ್ಚು. ಇನ್ನೊಂದರಲ್ಲಿ ನೀವು ಇಲ್ಲದಿದ್ದರೂ ಊರಿನಲ್ಲಿ ನಡೆಯುವ ಖರ್ಚು: ಮನೆ ತೆರಿಗೆ, ವಿಮೆ, ಕರೆಂಟ್‌ನ ಕನಿಷ್ಠ ಬಿಲ್ಲು. ಜನ ಎಡವುವುದು ಈ ಎರಡನೇ ಕಾಲಂನಲ್ಲಿ. ಮನೆ ಬಾಡಿಗೆಗೆ ಕೊಟ್ಟರೆ ಇದು ಬಹುಪಾಲು ತೀರುತ್ತದೆ.

ಅಮೆರಿಕದವರು ಇನ್ನೊಂದು ವಿಷಯ ಗಮನಿಸಬೇಕು. ಮೆಡಿಕೇರ್, ಅಂದರೆ ಹಿರಿಯರಿಗೆ ಇರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಸಾಮಾನ್ಯವಾಗಿ ದೇಶದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಅದಕ್ಕೆ ಚರ್ಚ್‌ನ ವಿಮಾ ಸಂಸ್ಥೆ ನಡೆಸುವ ಸೀನಿಯರ್ ವೈದ್ಯಕೀಯ ಯೋಜನೆ ಇದೆ. ಹಾಗಂತ ಮೆಡಿಕೇರ್ ಪಾರ್ಟ್ ಬಿ (ವೈದ್ಯರ ಭೇಟಿ, ಹೊರರೋಗಿ ಚಿಕಿತ್ಸೆಯ ಭಾಗ) ಕಂತನ್ನು ವಿಚಾರಿಸದೆ ನಿಲ್ಲಿಸಬೇಡಿ. ಮತ್ತೆ ಸೇರುವಾಗ ದಂಡ ಬೀಳಬಹುದು.

ಹೆಜ್ಜೆ 4: ಅರ್ಜಿ ಮತ್ತು ಕರೆ

ಮೊದಲು ನಿಮ್ಮ ವಾರ್ಡಿನ, ಅಂದರೆ ಸ್ಥಳೀಯ ಸಭೆಯ, ಮುಖ್ಯಸ್ಥರಾದ ಬಿಷಪ್ ಜೊತೆ ಮಾತು. ಆಮೇಲೆ ಆನ್‌ಲೈನ್ ಅರ್ಜಿ, ವೈದ್ಯರ ವರದಿ, ಹಲ್ಲಿನ ವೈದ್ಯರ ವರದಿ. ನಂತರ ಬಿಷಪ್ ಮತ್ತು ಸ್ಟೇಕ್ ಪ್ರೆಸಿಡೆಂಟ್ (ಹಲವು ವಾರ್ಡುಗಳ ಮುಖ್ಯಸ್ಥರು) ಇಬ್ಬರೂ ಸಂದರ್ಶನ ಮಾಡುತ್ತಾರೆ. ಇಷ್ಟದ ಕೆಲಸ, ಸ್ಥಳಗಳನ್ನು ನೀವು ಹೇಳಬಹುದು. ಪ್ರಾರ್ಥನೆ ಮಾಡಿ ಕೊನೆಗೆ ಎಲ್ಲಿಗೆ ಎಂದು ತೀರ್ಮಾನಿಸುವುದು ಚರ್ಚ್‌ನ ನಾಯಕರು. ಕರೆಪತ್ರದ ಮೇಲೆ ಚರ್ಚ್ ಅಧ್ಯಕ್ಷರ ಸಹಿ ಇರುತ್ತದೆ.

ಆರೋಗ್ಯದ ಫಾರಂನಲ್ಲಿ ಏನನ್ನೂ ಮುಚ್ಚಿಡಬೇಡಿ. ನಿದ್ರೆಯಲ್ಲಿ ಉಸಿರಾಟಕ್ಕೆ ಯಂತ್ರ ಹಾಕಿಕೊಳ್ಳುತ್ತೀರಾ, ಇನ್ಸುಲಿನ್ ತಣ್ಣಗಿಡಬೇಕಾ, ಮೆಟ್ಟಿಲು ಹತ್ತಲು ಆಗುತ್ತದಾ, ಎಲ್ಲ ಬರೆಯಿರಿ. ನಿಮ್ಮನ್ನು ಬೇಡ ಎನ್ನುವುದಕ್ಕಲ್ಲ ಅದು. ಒಳ್ಳೆಯ ಆಸ್ಪತ್ರೆ ಹತ್ತಿರ ಇರುವ ಕಡೆ ಕಳಿಸುವುದಕ್ಕೆ.

ಹೆಜ್ಜೆ 5: ಮನೆ ಬಿಡುವ ಮುನ್ನ

ಮಕ್ಕಳಲ್ಲಿ ಒಬ್ಬರಿಗೆ ಪವರ್ ಆಫ್ ಅಟಾರ್ನಿ ಕೊಡಿ. ವಿಲ್ ಹಳೆಯದಾಗಿದ್ದರೆ ಹೊಸದು ಮಾಡಿ. ಬಿಲ್ಲುಗಳೆಲ್ಲ ಬ್ಯಾಂಕಿನಿಂದ ತಾನಾಗಿಯೇ ಕಟ್ಟುವಂತಾಗಲಿ. ಬ್ಯಾಂಕಿನ ಒಟಿಪಿ ಯಾವ ನಂಬರಿಗೆ ಬರುತ್ತದೆ ಎಂದು ನೋಡಿ, ಹೊರಡುವ ಮುನ್ನವೇ ಒಮ್ಮೆ ಪರೀಕ್ಷಿಸಿ. ಅಂಚೆಯ ವಿಳಾಸ ಮಗನದ್ದೋ ಮಗಳದ್ದೋ ಆಗಲಿ. ಹಿಮ ಬೀಳುವ ಊರಿನಲ್ಲಿ ಮನೆ ಖಾಲಿ ಬಿಡುವುದಾದರೆ ನೀರಿನ ಪೈಪುಗಳನ್ನು ಖಾಲಿ ಮಾಡಿಸಿ, ಇಲ್ಲವಾದರೆ ಒಡೆಯುತ್ತವೆ. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು ಇಟ್ಟುಕೊಳ್ಳಿ, ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿ. ಬ್ರ್ಯಾಂಡ್ ಹೆಸರು ಬೇರೆ ದೇಶದ ಅಂಗಡಿಯಲ್ಲಿ ನಡೆಯುವುದಿಲ್ಲ.

ಬಟ್ಟೆ ಕಡಿಮೆ ಸಾಕು. ಬೂಟು ಮಾತ್ರ ಒಳ್ಳೆಯದಿರಲಿ, ಎರಡು ಜೊತೆ, ಹೊಸದನ್ನು ಮನೆಯಲ್ಲೇ ಹಾಕಿ ಪಳಗಿಸಿ.

ಹೆಜ್ಜೆ 6: ತರಬೇತಿ

ಯೂಟಾದ ಪ್ರೋವೋದಲ್ಲಿ ಮಿಷನರಿ ತರಬೇತಿ ಕೇಂದ್ರವಿದೆ, ಎಲ್ಲರೂ ಎಂಟಿಸಿ ಎನ್ನುತ್ತಾರೆ. ಸೀನಿಯರ್‌ಗಳಿಗೆ ಸುಮಾರು ಒಂದು ವಾರ. ಆಫೀಸ್ ಕೆಲಸದಂಥವಕ್ಕೆ ಇನ್ನೂ ಕೆಲವು ದಿನ ಬೇಕಾಗಬಹುದು. ಊಟದ ಹಾಲ್‌ನಲ್ಲಿ ಸಾವಿರಾರು ಹುಡುಗ ಹುಡುಗಿಯರ ನಡುವೆ ಕೂರುವ ಅನುಭವವೇ ಬೇರೆ. ಇಲ್ಲಿ ಪರಿಚಯವಾಗುವ ಬೇರೆ ಸೀನಿಯರ್ ದಂಪತಿಗಳ ಫೋನ್ ನಂಬರ್ ತಪ್ಪದೆ ತೆಗೆದುಕೊಳ್ಳಿ. ಮುಂದೆ ಬೇಸರವಾದ ದಿನ ಅವರಿಗೆ ಅರ್ಥವಾಗುವಷ್ಟು ಮಕ್ಕಳಿಗೂ ಅರ್ಥವಾಗುವುದಿಲ್ಲ.

ಹೆಜ್ಜೆ 7: ದಿನಚರಿ ಕಟ್ಟಿಕೊಳ್ಳಿ

ಇಲ್ಲಿಂದ ನಿಜವಾದ ಬದುಕು ಶುರು. ಆಫೀಸ್ ದಂಪತಿಯ ಒಂದು ಸಾಮಾನ್ಯ ದಿನ ತೆಗೆದುಕೊಳ್ಳಿ. ಬೆಳಿಗ್ಗೆ ಎದ್ದು ಅರ್ಧ ಗಂಟೆ ನಡಿಗೆ. ತಿಂಡಿ. ಇಬ್ಬರೂ ಕೂತು ಧರ್ಮಗ್ರಂಥ ಓದಿ ಪ್ರಾರ್ಥನೆ. ಒಂಬತ್ತರ ಹೊತ್ತಿಗೆ ಆಫೀಸ್. ಗಂಡ ಯುವ ಮಿಷನರಿಗಳ ಕಾರುಗಳ ಕಡತ ತೆಗೆಯುತ್ತಾರೆ. ಯಾವ ಕಾರಿಗೆ ಆಯಿಲ್ ಬದಲಾಯಿಸಬೇಕು, ಯಾವ ಜೋಡಿ ನಿಗದಿಗಿಂತ ಹೆಚ್ಚು ಮೈಲಿ ಓಡಿಸಿದೆ, ಯಾರು ಬಂಪರ್ ತಾಗಿಸಿದ್ದಾರೆ. ಅಮೆರಿಕದ ಮಿಷನ್ ಕಾರುಗಳಲ್ಲಿ ಟೀವೀ (Tiwi, ಟೆಲಿವಿಷನ್ ಅಲ್ಲ) ಎಂಬ ಚಿಕ್ಕ ಸಾಧನ ಇರುತ್ತದೆ. ವೇಗ ಜಾಸ್ತಿಯಾದರೆ ಅದೇ ಗಟ್ಟಿಯಾಗಿ ಎಚ್ಚರಿಸುತ್ತದೆ, ವರದಿ ಆಫೀಸಿಗೂ ಬರುತ್ತದೆ. ಹೆಂಡತಿ ಲೆಕ್ಕ ನೋಡುತ್ತಾರೆ: ಬಾಡಿಗೆ, ಕರೆಂಟ್ ಬಿಲ್ಲು, ಹುಡುಗರ ಕಾರ್ಡಿಗೆ ತಿಂಗಳ ಹಣ. ಮಧ್ಯೆ ಮಧ್ಯೆ ಹುಡುಗರ ಫೋನ್. ಬೀಗದಕೈ ಒಳಗಡೆ ಉಳಿಯಿತು, ಹೀಟರ್ ಕೆಟ್ಟಿದೆ, ಜ್ವರ ಬಂದಿದೆ.

ಆರು ವಾರಕ್ಕೊಮ್ಮೆ ಯುವ ಮಿಷನರಿಗಳ ಟ್ರಾನ್ಸ್‌ಫರ್. ಹಳಬರು ಮನೆಗೆ, ಹೊಸಬರು ಒಳಗೆ, ಉಳಿದವರು ಊರು ಬದಲು. ಆ ವಾರ ಆಫೀಸ್ ದಂಪತಿಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಏರ್‌ಪೋರ್ಟಿಗೆ ಓಡಾಟ, ಹಾಸಿಗೆ ಸಾಗಿಸುವುದು, ಹೊಸ ಮನೆಗೆ ಮೇಜು, ತಟ್ಟೆ, ಪರದೆ ಹೊಂದಿಸುವುದು. ನಿಮ್ಮ ಕ್ಯಾಲೆಂಡರಿನಲ್ಲಿ ಟ್ರಾನ್ಸ್‌ಫರ್ ದಿನಗಳನ್ನು ಮೊದಲೇ ಕೆಂಪು ಮಾಡಿ, ಅದರ ಮರುದಿನ ಏನೂ ಇಟ್ಟುಕೊಳ್ಳಬೇಡಿ. ಹಾಸಿಗೆಯನ್ನು ನೀವೇ ಎತ್ತಬೇಡಿ. ಅದಕ್ಕೆ 20 ವರ್ಷದ ತೋಳುಗಳು ಬೇಕಾದಷ್ಟಿವೆ, ಕರೆಯಿರಿ.

ವಾರಕ್ಕೊಂದು ಪ್ರಿಪರೇಶನ್ ಡೇ, ಎಲ್ಲರ ಬಾಯಲ್ಲಿ ಪಿ-ಡೇ. ಬಟ್ಟೆ ಒಗೆಯುವುದು, ದಿನಸಿ, ಮನೆ ಗುಡಿಸುವುದು, ಆಮೇಲೆ ಊರು ನೋಡುವುದು. ಈ ದಿನವನ್ನು ಬಿಟ್ಟುಕೊಡಬೇಡಿ. ಜವಾಬ್ದಾರಿ ತಲೆಗೆ ಹಚ್ಚಿಕೊಂಡವರು ಪಿ-ಡೇಯಲ್ಲೂ ಆಫೀಸ್ ತೆರೆದು ಕೂರುತ್ತಾರೆ. ಒಂದು ವರ್ಷದಲ್ಲಿ ದಣಿದು ಹೋಗುತ್ತಾರೆ.

ಭಾನುವಾರ ಬೆಳಿಗ್ಗೆ ಎರಡು ಗಂಟೆಯ ಆರಾಧನೆ. ತಿಂಗಳ ಮೊದಲ ಭಾನುವಾರ ಸಾಮಾನ್ಯವಾಗಿ ಎರಡು ಹೊತ್ತಿನ ಉಪವಾಸ, ಆ ಊಟದ ಹಣ ಬಡವರಿಗೆ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬೇಕಾಗಿಲ್ಲ. ಸೋಮವಾರ ಸಂಜೆ ಹತ್ತಿರದ ಸೀನಿಯರ್‌ಗಳೆಲ್ಲ ಒಂದು ಮನೆಯಲ್ಲಿ ಸೇರುವ ರೂಢಿ ಬಹಳ ಕಡೆ ಇದೆ. ಊಟ, ಒಂದು ಚಿಕ್ಕ ಪಾಠ, ಹಾಡು, ಕಾರ್ಡಿನ ಆಟ. ಹೋಗಿ. ಸುಸ್ತಾಗಿದ್ದರೂ ಹೋಗಿ.

ಹೆಜ್ಜೆ 8: ಹುಡುಗರಿಗೆ ದೊಡ್ಡವರಾಗಿ ಇರಿ

ಮಿಷನ್ ಪ್ರೆಸಿಡೆಂಟ್ ಮತ್ತು ಅವರ ಪತ್ನಿ ಮೂರು ವರ್ಷಕ್ಕೆ ಬಂದವರು. ಅವರ ಕೈಕೆಳಗೆ ನೂರಕ್ಕೂ ಹೆಚ್ಚು ಯುವ ಮಿಷನರಿಗಳಿರಬಹುದು. ಎಲ್ಲರ ಮೇಲೂ ಕಣ್ಣಿಡಲು ಅವರಿಗಾಗುವುದಿಲ್ಲ. ಸೀನಿಯರ್‌ಗಳ ದೊಡ್ಡ ಕಾಣಿಕೆ ಇಲ್ಲಿದೆ ಎಂದು ನಾನು ನಂಬುತ್ತೇನೆ.

ಮನೆ ತಪಾಸಣೆ ನಿಮ್ಮ ಪಾಲಿಗೆ ಬಂದರೆ ಹೊಗೆ ಎಚ್ಚರಿಕೆಯ ಬ್ಯಾಟರಿ, ಕಾರ್ಬನ್ ಮೊನಾಕ್ಸೈಡ್ ಸಾಧನ, ಕಿಟಕಿಯ ಚಿಲಕ ಮೊದಲು ನೋಡಿ. ಇವು ಜೀವದ ವಿಷಯ. ಬಾತ್‌ರೂಮಿನ ಕೊಳೆ ಆಮೇಲೆ. ಹೋಗುವಾಗ ಕೈಯಲ್ಲಿ ತಿನ್ನಲು ಏನಾದರೂ ಇರಲಿ. ಬೈದು ಹೋಗುವವರ ಮುಂದೆ ಹುಡುಗರು ಸಮಸ್ಯೆ ಹೇಳುವುದಿಲ್ಲ. ಬ್ರೆಡ್ ತಂದುಕೊಟ್ಟು ಹತ್ತು ನಿಮಿಷ ಕೂರುವ ಅಜ್ಜಿಯ ಹತ್ತಿರ, ಮನೆ ನೆನಪಾಗಿ ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಹೇಳಿಯಾರು. ಹಾಗೆ ಹೇಳಿದರೆ ಕೇಳಿಸಿಕೊಳ್ಳಿ, ನೀವೇ ಮನಶ್ಶಾಸ್ತ್ರಜ್ಞರಾಗಬೇಡಿ. ಅವನ ಒಪ್ಪಿಗೆ ಪಡೆದು ಮಿಷನ್ ಪ್ರೆಸಿಡೆಂಟ್‌ಗೆ ತಿಳಿಸಿ, ಅವರ ಬಳಿ ಅದಕ್ಕೆ ಸಲಹೆಗಾರರು ಇರುತ್ತಾರೆ. ಜೀವಕ್ಕೆ ಅಪಾಯವಿದೆ ಅನಿಸಿದರೆ ಒಪ್ಪಿಗೆಗೂ ಕಾಯಬೇಡಿ.

ಸುತ್ತಲಿನ ಮಿಷನರಿಗಳೆಲ್ಲ ಸೇರುವ ಝೋನ್ ಕಾನ್ಫರೆನ್ಸ್ ದಿನ ಅಡುಗೆ ಸಾಮಾನ್ಯವಾಗಿ ಸೀನಿಯರ್‌ಗಳ ಮೇಲೆ ಬೀಳುತ್ತದೆ. ಅದು ಸಿಸ್ಟರ್‌ಗಳ (ಮಹಿಳಾ ಮಿಷನರಿಗಳ) ಕೆಲಸ ಮಾತ್ರ ಎಂದು ಬಿಟ್ಟುಬಿಡಬೇಡಿ. ಎಲ್ಡರ್‌ಗಳೂ (ಗಂಡಸರೂ) ತರಕಾರಿ ಹೆಚ್ಚಬಹುದು ಅಲ್ವಾ?

ಹೆಜ್ಜೆ 9: ಇಬ್ಬರ ನಡುವೆ ಜಾಗ

ದುಡಿಯುವ ಕಾಲದಲ್ಲಿ ಗಂಡ-ಹೆಂಡತಿ ದಿನಕ್ಕೆ ಕೆಲವೇ ಗಂಟೆ ಒಟ್ಟಿಗಿರುತ್ತಿದ್ದರು. ಇಲ್ಲಿ ಚಿಕ್ಕ ಅಪಾರ್ಟ್‌ಮೆಂಟ್, ಒಂದೇ ಕಾರು, ಒಂದೇ ಆಫೀಸ್, ದಿನದ 24 ಗಂಟೆ. ಪ್ರೀತಿ ಇದ್ದರೂ ಕಿರಿಕಿರಿ ಆಗುತ್ತದೆ. ಮೊದಲ ವಾರದಲ್ಲೇ ಮೂರು ವಿಷಯ ಮಾತಾಡಿಕೊಳ್ಳಿ. ಕಾರು ಓಡಿಸುವುದು ಯಾರು, ದಾರಿ ಹೇಳುವುದು ಯಾರು, ಮತ್ತು ದಾರಿ ಹೇಳದವರು ಸುಮ್ಮನಿರಬೇಕು. ಆಫೀಸಿನಲ್ಲಿ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೇಳದೆ ಕೈಹಾಕುವಂತಿಲ್ಲ. ದಿನಕ್ಕೆ ಒಂದು ಗಂಟೆ ಒಬ್ಬೊಬ್ಬರೇ ಇರುವ ಹಕ್ಕು: ಅವಳಿಗೆ ಹೊಲಿಗೆ, ಅವನಿಗೆ ನಡಿಗೆ.

ಅವಧಿ ಅರ್ಧವಾದಾಗ ಕೂತು ಮತ್ತೆ ಕೇಳಿಕೊಳ್ಳಿ: ನಿನ್ನ ಕೆಲಸ ನಿನಗೆ ಸರಿಹೋಗುತ್ತಿದೆಯಾ? ಇಲ್ಲ ಎಂದರೆ ಮಿಷನ್ ಪ್ರೆಸಿಡೆಂಟ್ ಹತ್ತಿರ ಹೋಗಿ ಹೇಳಿ. ಕೆಲಸ ಬದಲಾಯಿಸುವ ಅಧಿಕಾರ ಅವರಿಗಿದೆ. ಬಾಯಿ ಬಿಟ್ಟು ಕೇಳಿದ ದಂಪತಿಗೆ ದಾರಿ ಸಿಗುತ್ತದೆ.

ಹೆಜ್ಜೆ 10: ಮೊಮ್ಮಕ್ಕಳು

ವಿಡಿಯೋ ಕಾಲ್‌ಗೆ ವಾರದಲ್ಲಿ ಒಂದು ಗಟ್ಟಿ ಸಮಯ ಇಡಿ. ಎಲ್ಲ ಮೊಮ್ಮಕ್ಕಳೂ ಒಟ್ಟಿಗೆ ಬಂದರೆ ಗದ್ದಲವಷ್ಟೇ ಉಳಿಯುತ್ತದೆ. ಒಂದು ವಾರ ಒಬ್ಬರ ಜೊತೆ ಮಾತಾಡಿ. ಚಿಕ್ಕವರಿಗೆ ಕಥೆ ಓದಿ ರೆಕಾರ್ಡ್ ಮಾಡಿ ಕಳಿಸಿ. ಹೊರಡುವ ಮೊದಲೇ ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ: ಯಾವುದಕ್ಕೆ ಬರುತ್ತೇವೆ, ಯಾವುದಕ್ಕೆ ಬರುವುದಿಲ್ಲ. ವಯಸ್ಸಾದ ತಾಯಿ-ತಂದೆ ಇನ್ನೂ ಇದ್ದರೆ ಅವರನ್ನು ನೋಡಿಕೊಳ್ಳುವವರು ಯಾರು ಎಂಬುದು ಖಚಿತವಾಗದೆ ಅರ್ಜಿ ಹಾಕಬೇಡಿ.

ನಮ್ಮ ಕಡೆಯವರಿಗೆ ಎರಡು ಮಾತು

ಭಾರತದಲ್ಲಿ ಈ ಚರ್ಚ್ ಬೆಳೆದದ್ದರ ಹಿಂದೆಯೂ ಒಂದು ದಂಪತಿ ಇದ್ದಾರೆ. ಸಮೋವಾದಲ್ಲಿ ನೆಲೆಸಿದ್ದ ಎಡ್ವಿನ್ ಮತ್ತು ಎಲ್ಸಿ ಧರ್ಮರಾಜು 1978ರಲ್ಲಿ ಅಲ್ಪಾವಧಿಯ ಮಿಷನರಿಗಳಾಗಿ ಹೈದರಾಬಾದಿಗೆ ಬಂದು ತಮ್ಮ ಬಂಧುಗಳಿಗೆ ಚರ್ಚ್ ಪರಿಚಯಿಸಿದರು. ಬೆಂಗಳೂರು ಮಿಷನ್ 1993ರಲ್ಲಿ ಶುರುವಾಯಿತು. ಬೆಂಗಳೂರಿಗೆ ಟೆಂಪಲ್ ಘೋಷಣೆಯಾದದ್ದು 2018ರ ಏಪ್ರಿಲ್‌ನಲ್ಲಿ, ಭೂಮಿಪೂಜೆಯಂಥ ಆರಂಭದ ಕಾರ್ಯಕ್ರಮ 2020ರ ಡಿಸೆಂಬರಿನಲ್ಲಿ.

ಇಲ್ಲಿನ ಪಿಂಚಣಿದಾರ ದಂಪತಿ ಹೊರಡುವುದಾದರೆ ನವೆಂಬರಿನ ಜೀವನ ಪ್ರಮಾಣ ಪತ್ರದ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಆಧಾರ್‌ಗೆ ಸೇರಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿಡಿ. ಮೆಡಿಕ್ಲೇಮ್ ಕಂತು ತಪ್ಪಿಸಬೇಡಿ, ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಸುಲಭಕ್ಕೆ ಸಿಗುವುದಿಲ್ಲ. ಇನ್ನು, ಬೆಂಗಳೂರಿನಲ್ಲಿ ಇಂಥ ದಂಪತಿ ನಿಮ್ಮ ಮನೆಗೆ ಬಂದರೆ ಕಾಫಿ, ಟೀ ಅವರು ಕುಡಿಯುವುದಿಲ್ಲ, ಅದು ಅವರ ಧರ್ಮದ ನಿಯಮ. ರಾಗಿ ಮಾಲ್ಟ್ ಅಥವಾ ಬಾದಾಮಿ ಹಾಲು ಕೊಟ್ಟು ನೋಡಿ, ಖುಷಿಪಡುತ್ತಾರೆ.

ಹೆಜ್ಜೆ 11: ಮರಳುವುದು

ಕೊನೆಯ ಒಂದು ತಿಂಗಳು ನಿಮ್ಮ ಕೆಲಸವನ್ನು ಮುಂದಿನವರಿಗೆ ಬರೆದಿಡಲು ಮೀಸಲಿಡಿ. ಯಾವ ಮನೆ ಮಾಲೀಕರಿಗೆ ಫೋನ್ ಇಷ್ಟ, ಯಾರಿಗೆ ಮೆಸೇಜ್, ಯಾವ ಗ್ಯಾರೇಜು ನಂಬಬಹುದು. ಬದಲಿ ದಂಪತಿ ಸಿಗದೆ ಕೆಲವು ತಿಂಗಳು ಆ ಕುರ್ಚಿ ಖಾಲಿ ಇರುವುದೂ ಉಂಟು. ಆಗ ಆ ಟಿಪ್ಪಣಿಯೇ ಆಧಾರ.

ಬಾಡಿಗೆದಾರರಿಗೆ ಕರಾರಿನಂತೆ ಮುಂಚೆಯೇ ನೋಟಿಸ್ ಕೊಡಿ. ಊರಿಗೆ ಬಂದ ಮೇಲೆ ಸ್ಟೇಕ್ ಪ್ರೆಸಿಡೆಂಟ್ ಅವರನ್ನು ಕಂಡು ಸೇವೆಯಿಂದ ಬಿಡುಗಡೆ ಪಡೆಯಬೇಕು. ಆಮೇಲೆ ಭಾನುವಾರದ ಸಭೆಯಲ್ಲಿ ನಿಮ್ಮ ಅನುಭವ ಹೇಳಲು ಕರೆಯುತ್ತಾರೆ, ಇಬ್ಬರೂ ಮಾತಾಡಿ. ವೈದ್ಯರು, ಹಲ್ಲು, ಕಣ್ಣು, ಮೂರೂ ತಪಾಸಣೆ ಮೊದಲ ತಿಂಗಳಲ್ಲೇ ಮುಗಿಸಿ. ಒಮ್ಮೆ ಹೋಗಿಬಂದವರು ಮತ್ತೆ ಅರ್ಜಿ ಹಾಕಬಹುದು, ಹಾಕುವವರು ಬಹಳ ಜನ ಇದ್ದಾರೆ. ಲಸಿಕೆ ಕಾರ್ಡು, ವೀಸಾ ಪ್ರತಿಗಳು, ಖರ್ಚಿನ ಆ ಎರಡು ಕಾಲಂ ಹಾಳೆ, ಎಲ್ಲವನ್ನೂ ಒಂದು ಫೈಲಿನಲ್ಲಿ ಎತ್ತಿಡಿ.